ನಾಲ್ಕನೆಯ ಜ್ವರದ ನಂತರ

ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ, ಎಂದರೆ ತಿನ್ನುವುದನ್ನು ನಿಲ್ಲಿಸಿ ಪೊರೆ ಬಿಡುವ ನಾಲ್ಕನೆಯ ಸರದಿಯಿಂದ, ಎದ್ದ ಮೇಲೆ ಏಳೆಂಟು ದಿನ ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತದೆ. ತನ್ನ ಆಯಸ್ಸಿನಲ್ಲಿ ಅದು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಈ ಕಡೆಯ ಹಂತಕ್ಕೇ ಬೇಕು. ಹುಳುಮನೆಯ ಬಾಗಿಲಲ್ಲಿ ನಿಂತರೆ ತೆಂಗಿನ ಗರಿಯ ಮೇಲೆ ತುಂತುರು ಬೀಳುವಂಥ ಸದ್ದು ಕೇಳಿಸುತ್ತದೆ. 2012ರ ಜನವರಿಯಲ್ಲಿ ನಮ್ಮಪ್ಪನಿಗೆ ಜಠರದ ಕ್ಯಾನ್ಸರ್ ಎಂದು ಗೊತ್ತಾದಾಗ, ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲಿ ಇನ್ನೂರು ಮೊಟ್ಟೆಯ ಹುಳು ನಾಲ್ಕನೆಯ ಜ್ವರದಲ್ಲಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರು ವರದಿಗಳನ್ನೆಲ್ಲ ನೋಡಿ, ಮುಂದಿನ ವಾರವೇ ಕೀಮೋ ಶುರು ಮಾಡಬಹುದು ಎಂದರು. ಅಪ್ಪ ಕೇಳಿದ್ದು ಎರಡು ಪ್ರಶ್ನೆ. "ಇದನ್ನ ಹಾಕಿಸ್ಕೊಂಡ್ರೆ ವಾಸಿ ಆಗ್ತದಾ ಸ್ವಾಮಿ, ಇಲ್ಲಾ ದಿನ ಒಂದಷ್ಟು ಮುಂದಕ್ಕೆ ಹೋಗ್ತದಾ?" ಎಂಬುದು ಮೊದಲನೆಯದು. ವೈದ್ಯರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡಲಿಲ್ಲ. "ವಾಸಿ ಆಗೋದು ಕಷ್ಟ ಯಜಮಾನ್ರೇ, ಕೆಲವು ತಿಂಗಳು ಹೆಚ್ಚು ಸಿಗಬಹುದು" ಎಂದರು. ಅಪ್ಪ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡು ಕೂತಿದ್ದು ಎರಡನೆಯದನ್ನು ಕೇಳಿದ: "ಆ ತಿಂಗಳುಗಳಲ್ಲಿ ನಾನು ಸೊಪ್ಪು ಕೊಯ್ಯೋ ಹಂಗಿರ್ತೀನಾ?" ಇದಕ್ಕೆ ಅವರು ಉತ್ತರ ಹೇಳಲಿಲ್ಲ. ಊರಿಗೆ ಮರಳುವಾಗ ದೇವನಹಳ್ಳಿ ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಹುಳು ನಾಳೆ ಜ್ವರದಿಂದ ಏಳ್ತದೆ ಕಣಮ್ಮ. ಅದನ್ನ ಬಿಟ್ಟು ಆಸ್ಪತ್ರೇಲಿ ಮಲಗೋಕೆ ನನ್ನ ಕೈಲಿ ಆಗಲ್ಲ" ಎಂದ. ಅವನ ತೀರ್ಮಾನ ಅಷ್ಟೇ. ಆಮೇಲೆ ಆ ವಿಷಯವನ್ನು ಅವನು ಮತ್ತೆ ಎತ್ತಲಿಲ್ಲ.

ಅಲ್ಲಿಂದ ಐದು ತಿಂಗಳು ಅಪ್ಪ ಬದುಕಿದ. ಆ ಬೆಳೆಯೂ ಸೇರಿ ಮೂರು ಬೆಳೆ ಗೂಡು ಮಾಡಿದ. ಮೊದಲನೆಯದರಲ್ಲಿ ಸೊಪ್ಪು ತಾನೇ ಕೊಯ್ದ, ಎರಡನೆಯದರಲ್ಲಿ ಹಾಸಿಗೆಯಿಂದ ಎದ್ದು ಬಂದು ಸೊಪ್ಪು ಹಾಕುವುದನ್ನು ನೋಡಿದ, ಮೂರನೆಯದರಲ್ಲಿ ಹಣ್ಣಾದ ಹುಳುವೊಂದನ್ನು ನನ್ನ ತಮ್ಮ ಅವನ ಹಾಸಿಗೆಯ ಹತ್ತಿರ ತಂದು ಅಂಗೈ ಮೇಲಿಟ್ಟಾಗ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಗೂಡು ಕಟ್ಟುವ ಕಾಲಕ್ಕೆ ಹುಳು ತಿನ್ನುವುದನ್ನು ಬಿಟ್ಟು, ಹೊಟ್ಟೆಯ ಕಸವನ್ನೆಲ್ಲ ಹೊರಹಾಕಿ, ಒಳಗೆ ದೀಪವಿಟ್ಟಂತೆ ತಿಳಿಹಳದಿಯಾಗಿರುತ್ತದೆ. "ಚಂದ್ರಿಕೆಗೆ ಬಿಡು, ತಡ ಮಾಡಬೇಡ" ಎಂದು ತಮ್ಮನಿಗೆ ಹೇಳಿದ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ನಾಲ್ಕನೆಯ ಬೆಳೆಯ ಹುಳು ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತಿದ್ದಾಗ ತೀರಿಕೊಂಡ. ಹಾಲು ತುಪ್ಪ ಬಿಟ್ಟ ಮೂರನೆಯ ದಿನವೇ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಬೇಕಾಗಿತ್ತು. ಸೂತಕದಲ್ಲಿ ಮಾರುಕಟ್ಟೆಗೆ ಹೋಗಬಾರದು ಎಂದು ಹಿರಿಯರು ತಡೆದಾಗ ಅಮ್ಮ, ತನ್ನ ಜೀವಮಾನದಲ್ಲಿ ಒಂದು ಶನಿವಾರವೂ ಒಪ್ಪತ್ತು ತಪ್ಪಿಸದ ಅಮ್ಮ, ಒಳಗಿನಿಂದ ಎದ್ದು ಬಂದು "ಹುಳಕ್ಕೆ ಸೂತಕ ಇಲ್ಲ, ನೀನು ಹೋಗು" ಎಂದು ತಮ್ಮನನ್ನು ಕಳಿಸಿದಳು. ಅಪ್ಪ ಬೆಳೆಗಳ ಲೆಕ್ಕ ಬರೆದಿಡುತ್ತಿದ್ದ ಉದ್ದನೆಯ ನೋಟ್‌ಪುಸ್ತಕದಲ್ಲಿ ಆ ಕಡೆಯ ಸಾಲಿನ ತಾರೀಖು ಮತ್ತು ಮೊಟ್ಟೆಯ ಸಂಖ್ಯೆ ಅಪ್ಪನ ಅಕ್ಷರದಲ್ಲಿವೆ, ತೂಕ ಮತ್ತು ದರ ತಮ್ಮನ ಅಕ್ಷರದಲ್ಲಿವೆ.

ಅಪ್ಪನನ್ನು ನಾಸ್ತಿಕ ಎಂದು ಕರೆದರೆ ತಪ್ಪಾಗುತ್ತದೆ. ಹಬ್ಬಕ್ಕೆ ಪೂಜೆ ಮಾಡುತ್ತಿದ್ದ, ಜಾತ್ರೆಗೆ ಹೋಗುತ್ತಿದ್ದ. ಆದರೆ ಕಾಯಿಲೆಯ ಸುದ್ದಿ ಕೇಳಿ ಬಂದ ನೆಂಟರು ಒಬ್ಬೊಬ್ಬರೂ ಒಂದೊಂದು ದೇವರ ಹೆಸರು ಹೇಳಿ ಹರಕೆ ಹೊರಲು ಒತ್ತಾಯ ಮಾಡಿದಾಗ ಅವನು ಯಾರ ಮನಸ್ಸನ್ನೂ ನೋಯಿಸದೆ, ಯಾವುದಕ್ಕೂ ಒಪ್ಪದೆ, ಉಳಿದ ದಿನಗಳಲ್ಲಿ ತಾನು ಏನು ಮಾಡಬೇಕೆಂಬುದನ್ನು ತಾನೇ ಗೊತ್ತುಮಾಡಿಕೊಂಡ. ದೇವರನ್ನು ನಂಬದವಳಾಗಿ ನನ್ನ ಸಾವನ್ನು ನಾನು ಹೇಗೆ ಎದುರಿಸಬೇಕು ಎಂದು ಯೋಚಿಸುವಾಗಲೆಲ್ಲ ನಾನು ಆ ಎರಡು ಪ್ರಶ್ನೆಗಳ ಹತ್ತಿರಕ್ಕೇ ಮರಳುತ್ತೇನೆ. ಅವನು ಎಷ್ಟು ದಿನ ಎಂದು ಕೇಳಲಿಲ್ಲ, ಆ ದಿನಗಳ ಒಳಗೆ ತನ್ನ ಕೈಗೆ ಏನು ಸಿಗುತ್ತದೆ ಎಂದು ಕೇಳಿದ. ಸ್ವಾತಂತ್ರ್ಯ ಎಂಬ ದೊಡ್ಡ ಪದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ಅರ್ಥ ಬೇರೆಲ್ಲೂ ದೊರೆತಿಲ್ಲ.

ಆದರೂ ಒಂದು ಅನುಮಾನ ನನ್ನನ್ನು ಬಿಟ್ಟಿಲ್ಲ. ಅಪ್ಪ ಬೇಡವೆಂದದ್ದು ಹುಳುವಿಗಾಗಿಯೋ, ಅಥವಾ ಜಮೀನು ಮಾರಬೇಕಾದೀತೆಂಬ ಹೆದರಿಕೆಯಿಂದಲೋ? ನನಗೆ ಸಂಬಳವಿತ್ತು, ಖರ್ಚು ನನ್ನದೆಂದು ಹೇಳಿಯೂ ಇದ್ದೆ. ಮಗಳ ದುಡ್ಡನ್ನು ತನ್ನ ಸಾವಿಗೆ ಖರ್ಚು ಮಾಡಿಸುವುದು ಅವನಿಗೆ ಹಿಡಿಸದೆ ಇದ್ದಿರಲೂಬಹುದು. ನಮ್ಮ ಕಡೆ ಎಷ್ಟೋ ಜನ ಆಸ್ಪತ್ರೆ ಬೇಡ, ಮನೆಗೆ ಕರೆದುಕೊಂಡು ಹೋಗಿ ಎನ್ನುವುದು ಕೈಯಲ್ಲಿ ಕಾಸಿಲ್ಲದೆ. ಅದನ್ನು ಸ್ವಾತಂತ್ರ್ಯವೆಂದು ಕೊಂಡಾಡುವುದು ಅನ್ಯಾಯ. ಬೇಕು ಎನ್ನುವ ದಾರಿಯೂ ತೆರೆದಿದ್ದಾಗ ಮಾತ್ರ ಬೇಡ ಎನ್ನುವುದಕ್ಕೆ ಬೆಲೆ. ಅಪ್ಪನ ಮುಂದೆ ಆ ದಾರಿ ನಿಜಕ್ಕೂ ತೆರೆದಿತ್ತೇ ಎಂದು ಕೇಳಲು ಈಗ ಅವನಿಲ್ಲ.

ನೋವಿನ ಮಾತನ್ನೂ ಇಲ್ಲೇ ಹೇಳಬೇಕು. ಕೊನೆಯ ಎರಡು ತಿಂಗಳು ಅಪ್ಪ ಮನುಷ್ಯನಂತೆ ಮಾತಾಡಿಕೊಂಡು ಇದ್ದದ್ದು ಮಾರ್ಫಿನ್ ಮಾತ್ರೆಯಿಂದ. ಅದು ನಮ್ಮ ಊರಿನ ಸುತ್ತ ಎಲ್ಲೂ ಸಿಗುತ್ತಿರಲಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದಾಗಿ ಔಷಧದಂಗಡಿಗಳು ಆ ಮಾತ್ರೆಯ ತಂಟೆಗೇ ಹೋಗುತ್ತಿರಲಿಲ್ಲ. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು, ಅಪ್ಪ ಹೋಗಿ ಎರಡು ವರ್ಷದ ಮೇಲೆ. ತಮ್ಮ ಹದಿನೈದು ದಿನಕ್ಕೊಮ್ಮೆ ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಸಾಲಿನಲ್ಲಿ ನಿಂತು ತಂದುಕೊಡುತ್ತಿದ್ದ. ಒಂದು ಸಲ ಮಾತ್ರೆ ತೀರಿ ಒಂದು ದಿನ ತಡವಾಯಿತು. ಆ ಒಂದು ದಿನ ಅಪ್ಪನಿಗೆ ಹುಳುವಿನ ನೆನಪೂ ಇರಲಿಲ್ಲ, ನಮ್ಮ ನೆನಪೂ ಇರಲಿಲ್ಲ. ಸಾವಿನ ಎದುರು ಧೈರ್ಯ, ಘನತೆ ಎಂದೆಲ್ಲ ಬರೆಯುವವರು ಅಂಥ ಒಂದು ದಿನವನ್ನು ಹತ್ತಿರದಿಂದ ನೋಡಿರಬೇಕು ಎನಿಸುತ್ತದೆ.

ನನ್ನ ಮಟ್ಟಿಗೆ ಸಾವಿನ ಭಯವನ್ನು ಮೊದಲು ಕಲಿಸಿದ್ದೇ ಧರ್ಮ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡಳು, ಮನೆಯ ಜಗಲಿಯಲ್ಲಿ ರಾತ್ರಿ ಹೊತ್ತು ಗರುಡ ಪುರಾಣ ಓದಿಸಿದರು. ಕೀವು ರಕ್ತ ಹರಿಯುವ ವೈತರಣಿ ನದಿ, ಕಾದ ಎಣ್ಣೆಯ ಕೊಪ್ಪರಿಗೆ, ಯಮದೂತರ ಪಾಶ. ಓದುತ್ತಿದ್ದ ಹಿರಿಯರ ಕಂಠ ಚೆನ್ನಾಗಿತ್ತು, ಆದ್ದರಿಂದ ಚಿತ್ರಗಳು ಇನ್ನೂ ಆಳವಾಗಿ ಇಳಿದವು. ಅಜ್ಜಿ ಒಮ್ಮೆ ಪಕ್ಕದ ಮನೆಯ ನುಗ್ಗೆಕಾಯಿಯನ್ನು ಕೇಳದೆ ಕಿತ್ತುಕೊಂಡಿದ್ದು ನನಗೆ ಗೊತ್ತಿತ್ತು. ಅದಕ್ಕೆ ಅವಳಿಗೆ ಯಾವ ಶಿಕ್ಷೆ ಎಂದು ಯಾರನ್ನೂ ಕೇಳಲಾರದೆ ಒದ್ದಾಡಿದೆ. ಕೊಟ್ಟಿಗೆಯಲ್ಲಿ ನಮ್ಮದೇ ಎಮ್ಮೆ ರಾತ್ರಿ ಉಸಿರು ಬಿಟ್ಟರೆ ಯಮನ ಕೋಣವೆಂದುಕೊಂಡು ಅಮ್ಮನ ಸೆರಗು ಹಿಡಿದು ಮಲಗುತ್ತಿದ್ದೆ. ಇದು ಒಂದು ವಾರದ ಮಾತಲ್ಲ, ಹೈಸ್ಕೂಲು ಸೇರುವವರೆಗೂ ನಡೆಯಿತು. ನಂಬಿಕೆ ಸಾವಿನ ಭಯವನ್ನು ಕಳೆಯುತ್ತದೆ ಎಂದು ಹೇಳುವವರ ಮಾತನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಎಷ್ಟೋ ಜನಕ್ಕೆ ಕಳೆದಿದೆ, ಅಮ್ಮನಿಗೆ ಕಳೆದಿದೆ. ಆದರೆ ಅದು ಮೊದಲು ಎಷ್ಟು ಭಯವನ್ನು ಬಿತ್ತಿ ಆಮೇಲೆ ಎಷ್ಟನ್ನು ಕಳೆಯುತ್ತದೆ ಎಂಬ ಲೆಕ್ಕವನ್ನೂ ಹಾಕಬೇಕಲ್ಲವೇ?

ಆ ಭಯ ಕರಗಿದ್ದು ಓದಿನಿಂದ, ಮತ್ತು ನಮ್ಮ ಜಿಲ್ಲೆಯವರೇ ಆದ ಒಬ್ಬ ಮನುಷ್ಯನಿಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ಕಥೆ ನಾಡಿಗೆಲ್ಲ ಗೊತ್ತು. ನಾನು ಬಿ.ಎಸ್‌ಸಿ. ಓದುವಾಗ ಒಂದು ಸಭೆಯಲ್ಲಿ ಅವರನ್ನು ನೋಡಿದೆ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ, ನಮ್ಮೂರ ಹಿರಿಯರಂಥದೇ ಮುಖ. ಕೇಳದೆ ಯಾವುದನ್ನೂ ಒಪ್ಪಬೇಡಿ ಎಂಬುದೇ ಅವರ ಜೀವಮಾನದ ಮಾತು. ನನ್ನನ್ನು ತಟ್ಟಿದ್ದು ಆ ಮಾತಿಗಿಂತ ಹೆಚ್ಚಾಗಿ ಅವರು ಬದುಕಿದ ರೀತಿ. ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ, ಮದುವೆಯಿಲ್ಲದೆ, ಆಸ್ತಿಯಿಲ್ಲದೆ ಇದ್ದು, 2005ರ ಜನವರಿ 31ರಂದು ತೀರಿಕೊಂಡರು. ಸ್ವರ್ಗದ ಆಸೆಯಿಲ್ಲದವನಿಗೆ ಒಳ್ಳೆಯವನಾಗಿರಲು ಕಾರಣವೇನು ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ, ಆ ಕೋಣೆಯನ್ನು ನೆನೆಯುತ್ತೇನೆ.

ಯೌವನದಲ್ಲಿ ಎಲ್ಲರೂ ನಾಸ್ತಿಕರೇ, ವಯಸ್ಸಾಗಲಿ, ಆಗ ದೇವರ ನೆನಪು ತಾನೇ ಬರುತ್ತದೆ ಎಂಬ ಮಾತನ್ನು ನಾನು ಸಹೋದ್ಯೋಗಿಗಳಿಂದ ಮೂವತ್ತು ವರ್ಷ ಕೇಳಿದ್ದೇನೆ. 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ದೇವರಿಲ್ಲವೆಂದು ಕನ್ನಡಿಗರಿಗೆ ಒಂದಿಡೀ ಪುಸ್ತಕದಲ್ಲಿ ಸಾವಧಾನವಾಗಿ ವಿವರಿಸಿದ್ದು ತಮ್ಮ ತೊಂಬತ್ತರ ಗಡಿ ದಾಟಿದ ಮೇಲೆ, 1991ರಲ್ಲಿ. ಆಮೇಲೂ ಹನ್ನೆರಡು ವರ್ಷ ಬದುಕಿದ್ದರು. ಇನ್ನೊಂದು ತುದಿಯಲ್ಲಿ ಭಗತ್ ಸಿಂಗ್ ಇದ್ದಾರೆ. 1930ರಲ್ಲಿ ಲಾಹೋರಿನ ಜೈಲಿನಲ್ಲಿ ಕೂತು ತಾನೇಕೆ ನಾಸ್ತಿಕ ಎಂದು ಬರೆದಾಗ ಅವರಿಗೆ ಇಪ್ಪತ್ತಮೂರು ವರ್ಷ, ನೇಣು ಕಣ್ಣೆದುರಿಗಿತ್ತು. ನಂಬಿಕೆ ಇದ್ದಿದ್ದರೆ ಆ ಹೊತ್ತು ಹಗುರವಾಗುತ್ತಿತ್ತು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಹಗ್ಗ ಕೊರಳಿಗೆ ಬಿಗಿದು ಕಾಲ ಕೆಳಗಿನ ಹಲಗೆ ಸರಿದ ಆ ಗಳಿಗೆಯೇ ಕಡೆಯದು, ಅದರಾಚೆಗೆ ಏನೂ ಇಲ್ಲ ಎಂದು ಗೊತ್ತಿದ್ದೂ ತನ್ನ ಸುಖಕ್ಕಾಗಿ ಪ್ರಾರ್ಥಿಸುವುದಿಲ್ಲ ಎಂಬುದು ಅವರ ನಿಲುವು. ನನಗೆ ಆ ಎದೆಗಾರಿಕೆ ಇಲ್ಲ. ಆದರೆ ಸಮಾಧಾನ ಕೊಡುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಮಾತು ನಿಜವಾಗುವುದಿಲ್ಲ ಎಂಬುದನ್ನು ನಾನು ಆ ಬರಹದಿಂದ ಕಲಿತೆ.

ತತ್ವಜ್ಞಾನಿಗಳ ಸಮಾಧಾನಗಳಲ್ಲಿ ಎಲ್ಲವೂ ನನಗೆ ಒದಗಿಬಂದಿಲ್ಲ. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ ಎಂದ ಗ್ರೀಸಿನ ಎಪಿಕ್ಯೂರಸ್‌ನ ತರ್ಕ ಚೊಕ್ಕವಾಗಿದೆ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1776ರಲ್ಲಿ ಸಾವಿನ ಹಾಸಿಗೆಯಲ್ಲಿದ್ದಾಗ, ಹುಟ್ಟುವ ಮೊದಲು ನಾನಿರಲಿಲ್ಲ ಎಂಬುದು ಹೇಗೆ ನನ್ನನ್ನು ಕಾಡುವುದಿಲ್ಲವೋ ಮುಂದೆ ಇರುವುದಿಲ್ಲ ಎಂಬುದೂ ಹಾಗೆಯೇ ಎಂಬರ್ಥದಲ್ಲಿ ನಗುನಗುತ್ತಲೇ ಹೇಳಿದನಂತೆ, ಕೇಳಲು ಹೋಗಿದ್ದ ಆಸ್ತಿಕ ಗೆಳೆಯನೇ ಕಂಗೆಟ್ಟು ಮರಳಿದನಂತೆ. ನಮ್ಮಲ್ಲೇ ಚಾರ್ವಾಕರು ಬೂದಿಯಾದ ದೇಹ ಮರಳಿ ಬರುವುದೆಂತು ಎಂದು ಕೇಳಿದ್ದರು. ಅವರ ಗ್ರಂಥಗಳು ನಮಗೆ ಉಳಿದಿಲ್ಲ, ಅವರನ್ನು ಖಂಡಿಸಿದವರ ಬರಹದಲ್ಲಿ ಮಾತ್ರ ಅವರ ಮಾತು ಬದುಕಿದೆ. ಇವೆಲ್ಲ ನನ್ನ ಇಲ್ಲವಾಗುವಿಕೆಯ ಭಯಕ್ಕೆ ಮದ್ದು. ಅಪ್ಪ ಇಲ್ಲವಾದ ದುಃಖಕ್ಕೆ ಇವುಗಳಲ್ಲಿ ಮದ್ದಿಲ್ಲ. ಸ್ವತಂತ್ರ ಮನುಷ್ಯ ಎಲ್ಲಕ್ಕಿಂತ ಕಡಿಮೆ ಯೋಚಿಸುವುದು ಸಾವಿನ ಬಗ್ಗೆ ಎಂದ ಸ್ಪಿನೋಜಾನ ಮಾತನ್ನು ನಾನು ಬಹಳ ಗೌರವದಿಂದಲೇ ಒಪ್ಪುವುದಿಲ್ಲ. ಅಪ್ಪ ಸಾವಿನ ಬಗ್ಗೆ ಯೋಚಿಸಿದ, ಎಷ್ಟು ಬೇಕೋ ಅಷ್ಟು, ಬ್ಯಾಂಕಿನ ಪಾಸ್‌ಬುಕ್ಕಿನ ಬಗ್ಗೆ ಯೋಚಿಸಿದಷ್ಟೇ ಸ್ಪಷ್ಟವಾಗಿ. ಹಾಗೆ ಯೋಚಿಸಿದ್ದರಿಂದಲೇ ಅವನಿಗೆ ಉಳಿದ ಐದು ತಿಂಗಳು ಸಿಕ್ಕವು.

ಅಪ್ಪನ ಹನ್ನೊಂದನೆಯ ದಿನದ ತಿಥಿಯಲ್ಲಿ ದೂರದಿಂದ ಬಂದಿದ್ದ ಹಿರಿಯರೊಬ್ಬರು, ಹುಳು ಗೂಡನ್ನು ಬಿಟ್ಟು ಚಿಟ್ಟೆಯಾಗಿ ಹಾರುವಂತೆ ಆತ್ಮವು ದೇಹವನ್ನು ಬಿಟ್ಟು ಹಾರುತ್ತದೆ ಎಂದು ಪ್ರೀತಿಯಿಂದಲೇ ಸಮಾಧಾನ ಹೇಳಿದರು. ಊಟದ ಸಾಲಿನಲ್ಲಿ ಕೂತಿದ್ದವರೆಲ್ಲ ಗೂಡು ಬೆಳೆಯುವವರು. ಬಿತ್ತನೆಗೆಂದು ಇಟ್ಟ ಗೂಡನ್ನು ಬಿಟ್ಟರೆ ಉಳಿದ ಯಾವ ಗೂಡಿನಿಂದಲೂ ಚಿಟ್ಟೆ ಹೊರಬರುವುದಿಲ್ಲ, ಹೊರಬಂದರೆ ಎಳೆ ತುಂಡಾಗಿ ಗೂಡಿಗೆ ಬೆಲೆಯೇ ಇರುವುದಿಲ್ಲ, ಆದ್ದರಿಂದ ಅದಕ್ಕೆ ಮೊದಲೇ ಗೂಡು ಬಿಸಿಗೆ ಹೋಗುತ್ತದೆ ಎಂಬುದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಯಾರೂ ಮಾತಾಡಲಿಲ್ಲ. ನನಗೆ ಅಂದು ಅನ್ನಿಸಿದ್ದು ಇಷ್ಟು: ನಮ್ಮ ಮನೆಯವರು ಅರವತ್ತು ವರ್ಷದಿಂದ ಬೆಳೆದದ್ದು ಎಳೆಯನ್ನು. ಹುಳು ತನ್ನ ಬಾಯಿಂದ ತೆಗೆದ ಎಳೆ ಉಳಿಯುತ್ತದೆ, ಹುಳು ಉಳಿಯುವುದಿಲ್ಲ. ಅಪ್ಪನ ವಿಷಯದಲ್ಲಿಯೂ ನನಗೆ ನಿಜವಾಗಿ ಕಾಣುತ್ತಿದ್ದದ್ದು ಅದೇ, ಮತ್ತು ಅದು ನನಗೆ ಸಾಕಾಗಿತ್ತು.

ಮೂವತ್ತಮೂರು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಹೇಳಿ, ಪ್ರತಿ ಬೇಸಿಗೆಯಲ್ಲಿ ಪರೀಕ್ಷೆಯ ಕೊಠಡಿಗಳನ್ನು ಕಾದವಳು ನಾನು. ಪರೀಕ್ಷೆಯ ಕೊಠಡಿಯಲ್ಲಿ ಕೂತ ಮಕ್ಕಳು ಕಿಟಕಿಯ ಹೊರಗೆ ನೋಡುವುದಿಲ್ಲ. ನಂದಿ ಬೆಟ್ಟದ ತುದಿಯಲ್ಲಿ ಮೋಡ ಇಳಿದಿದ್ದರೂ ನೋಡುವುದಿಲ್ಲ, ಫಲಿತಾಂಶದ ಕಡೆಗೇ ಮನಸ್ಸು. ಪರಲೋಕವೆಂಬುದು ನಿಜವಾದರೆ ಇಲ್ಲಿಯ ಬದುಕು ಅಂಥದೊಂದು ಕೊಠಡಿ. ಅದು ಇಲ್ಲವೆಂದು ಮನಗಂಡ ದಿನ ನನಗೆ ಆದದ್ದು ಪರೀಕ್ಷೆ ಇಲ್ಲವೆಂದು ಗೊತ್ತಾದ ಹುಡುಗಿಗೆ ಆಗುವಂಥ ಅನುಭವ. ಮೊದಲು ಗಾಬರಿ, ಇಷ್ಟು ದಿನ ಓದಿದ್ದೆಲ್ಲ ಏತಕ್ಕೆ ಎಂದು. ಆಮೇಲೆ ನಿಧಾನವಾಗಿ, ಇದನ್ನು ಓದಲೇಬೇಕೆಂದು ಯಾರೂ ಹೇಳದಿದ್ದರೂ ಓದಬಹುದು ಎಂಬ ತಿಳಿವಳಿಕೆ.

ಈ ತಿಳಿವಳಿಕೆ ಗಟ್ಟಿಯೇ ಟೊಳ್ಳೇ ಎಂದು ನೋಡುವ ಕಾಲ 2021ರ ಮೇ ತಿಂಗಳಲ್ಲಿ ಬಂತು. ಕೊರೊನಾದ ಎರಡನೆಯ ಅಲೆಯಲ್ಲಿ ಆರು ದಿನ ಆಮ್ಲಜನಕದ ಹಾಸಿಗೆಯಲ್ಲಿದ್ದೆ. ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರದ ಅಂಕಿ ಒಂದು ರಾತ್ರಿ 84ಕ್ಕೆ ಇಳಿಯಿತು. ಪಕ್ಕದ ಹಾಸಿಗೆಯಲ್ಲಿದ್ದ ಮುದುಕಿ ಬೆರಳ ಗೆಣ್ಣು ಎಣಿಸುತ್ತ ರಾಮನಾಮ ಹೇಳುತ್ತಿದ್ದರು, ಅವರ ಮುಖದಲ್ಲಿ ನನ್ನಲ್ಲಿಲ್ಲದ ಒಂದು ನೆಮ್ಮದಿ ಇತ್ತು. ಆ ರಾತ್ರಿ ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಸಾವು ಹತ್ತಿರ ಬಂದರೆ ನಾಸ್ತಿಕರೂ ದೇವರನ್ನು ಕೂಗುತ್ತಾರೆ ಎನ್ನುತ್ತಾರಲ್ಲ, ನಾನು ಕೂಗಿದ್ದು ಅಮ್ಮನನ್ನು. ಮತ್ತೆ ಮತ್ತೆ "ಅಮ್ಮಾ" ಎನ್ನುತ್ತಿದ್ದೆನಂತೆ, ದಾದಿ ಆಮೇಲೆ ಹೇಳಿದರು. ಯಾವ ದೇವರೂ ನೆನಪಾಗಲಿಲ್ಲ. ನೆನಪಾದದ್ದು ಎರಡನೇ ವರ್ಷದ ಇಬ್ಬರು ಹುಡುಗಿಯರಿಗೆ ಕೊಡುತ್ತೇನೆಂದು ಹೇಳಿ ಮೇಜಿನ ಖಾನೆಯಲ್ಲೇ ಬಿಟ್ಟಿದ್ದ ಟಿಪ್ಪಣಿ ಪುಸ್ತಕಗಳು. ಬದುಕಿ ಬಂದ ಮೇಲೆ ಮೊದಲು ಮಾಡಿದ ಕೆಲಸ ಅವುಗಳನ್ನು ತಲುಪಿಸಿದ್ದು.

ಆದರೆ ನನ್ನ ಮಾತಿನ ಕಠಿಣ ಭಾಗ ಇನ್ನು ಮುಂದಿದೆ. ಅಪ್ಪನಿಗೆ ಕೊನೆಯವರೆಗೂ ಪ್ರಜ್ಞೆ ಇತ್ತು, ಬೇಡವೆಂದ, ಅದು ನಡೆಯಿತು. ಪ್ರಜ್ಞೆ ತಪ್ಪಿದವರ ಸ್ವಾತಂತ್ರ್ಯ ಯಾರ ಕೈಯಲ್ಲಿರುತ್ತದೆ? 2016ರಲ್ಲಿ ನಮ್ಮ ಚಿಕ್ಕಪ್ಪ ಮೆದುಳಿನ ರಕ್ತಸ್ರಾವದಿಂದ ಬಿದ್ದು, ದೊಡ್ಡ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಮೂರು ದಿನ ವೆಂಟಿಲೇಟರಿನಲ್ಲಿದ್ದರು. ಎರಡನೆಯ ವಾರದಲ್ಲೇ ಆಸೆ ಇಲ್ಲವೆಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು, ಬಾಯಿಬಿಟ್ಟು ಹೇಳುವವರು ಇರಲಿಲ್ಲ. ವೈದ್ಯರು ಮನೆಯವರ ಮುಖ ನೋಡಿದರು, ಮನೆಯವರು ವೈದ್ಯರ ಮುಖ ನೋಡಿದರು. ಒಳಗೆ ಬಿಟ್ಟಾಗ ನಾನು ಕಂಡದ್ದು ಅವರ ಕೈಗಳನ್ನು. ಅರೆಪ್ರಜ್ಞೆಯಲ್ಲಿ ಕೊಳವೆಯನ್ನು ಕಿತ್ತುಕೊಳ್ಳುತ್ತಾರೆಂದು ಎರಡೂ ಮುಂಗೈಗಳನ್ನು ಬಿಳಿಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ನಮ್ಮ ವಂಶದಲ್ಲೇ ಅತ್ಯಂತ ದೈವಭಕ್ತರು ಅವರು, ತಿರುಪತಿಗೆ ಹನ್ನೊಂದು ಸಲ ನಡೆದು ಹೋಗಿದ್ದವರು. ಅವರಿಗೆ ಏನು ಬೇಕಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ನಮ್ಮ ಮನೆಗಳಲ್ಲಿ ಆ ಮಾತನ್ನು ಎತ್ತುವುದೇ ಅಪಶಕುನ.

ಆ ಕೈಗಳು ನನ್ನ ಕಣ್ಣ ಮುಂದೆ ಇದ್ದುದರಿಂದಲೇ ಕಳೆದ ವರ್ಷ ನಾನು ಚಿಕ್ಕಬಳ್ಳಾಪುರದ ನೋಟರಿಯ ಮುಂದೆ ಕೂತೆ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರ ತೀರ್ಪಿನಲ್ಲಿ ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಪ್ರಜ್ಞೆ ಇರುವಾಗಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕೆಂದಿತು. 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವ ಮಾತಲ್ಲ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ, ಚಿಕಿತ್ಸೆ ನೀಡುತ್ತಿರುವವರನ್ನೂ ಒಳಗೊಂಡ ವೈದ್ಯರ ಒಂದು ಮಂಡಳಿ ನೋಡಿ, ಇನ್ನೊಂದು ಮಂಡಳಿ ಅದನ್ನು ಒಪ್ಪಿ, ಹೆಸರಿಸಿದ ಆಪ್ತರು ಸಮ್ಮತಿಸಿದ ಮೇಲೆ, ಜೀವವನ್ನು ಕೃತಕವಾಗಿ ಎಳೆಯುವ ಯಂತ್ರಗಳನ್ನು ನಿಲ್ಲಿಸುವ ಅಥವಾ ತೊಡಗಿಸದೆ ಇರುವ ಮಾತು. ಬರೆದವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ನಾನು ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ನೋವಿಗೆ ಮಾತ್ರ ಔಷಧ ಕಡ್ಡಾಯವಾಗಿ ಬೇಕು ಎಂದು ಬರೆದು, ಕೊನೆಗೆ "ನನ್ನ ಕೈಗಳನ್ನು ಕಟ್ಟಬಾರದು" ಎಂದು ಸೇರಿಸಿದ್ದೆ. ನೋಟರಿ ಓದುತ್ತ ಬಂದು ಆ ಸಾಲಿನ ಹತ್ತಿರ ನಿಂತು, "ಇದು ಬೇಕಾ ಮೇಡಂ?" ಎಂದರು. ಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೇನೂ ಕೇಳದೆ ಮೊಹರು ಒತ್ತಿದರು. ಸಾಕ್ಷಿ ಹಾಕಿದ ಇಬ್ಬರೂ ನನ್ನ ಹಳೆಯ ಸಹೋದ್ಯೋಗಿಗಳು, ಒಬ್ಬರು ದಿನವೂ ಎರಡು ಹೊತ್ತು ಸಂಧ್ಯಾವಂದನೆ ಮಾಡುವವರು. ಹೊರಗೆ ಬಂದ ಮೇಲೆ ಅವರು, ತನಗೂ ಒಂದು ನಮೂನೆ ಕಳಿಸಿ ಎಂದರು.

ದೇಹದಾನದ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ವೈದ್ಯಕೀಯ ಕಾಲೇಜಿನ ಅರ್ಜಿಗೆ ಸಹಿ ಹಾಕುವುದು ಐದು ನಿಮಿಷದ ಕೆಲಸ. ಆದರೆ ಸತ್ತ ಮೇಲೆ ಫೋನು ಮಾಡಿ, ದೇಹವನ್ನು ಹೊತ್ತೊಯ್ಯಲು ಬಿಡಬೇಕಾದವರು ಮನೆಯವರು. ಅವರು ಬೇಡವೆಂದರೆ ನನ್ನ ಸಹಿಗೆ ಬಲವಿಲ್ಲ. ಇಲ್ಲಿ ನನ್ನ ವಾದಗಳೆಲ್ಲ ಒಮ್ಮೆಗೇ ನಿಂತುಹೋದವು. ವೈಯಕ್ತಿಕ ಸ್ವಾತಂತ್ರ್ಯ ಎಂದು ಜೀವನವಿಡೀ ಹೇಳಿಕೊಂಡು ಬಂದವಳು ನಾನು, ನನ್ನ ಕಟ್ಟಕಡೆಯ ಸ್ವಾತಂತ್ರ್ಯವನ್ನು ನಡೆಸಿಕೊಡಬೇಕಾದವನು ನನ್ನ ತಮ್ಮ. ಅಪ್ಪನ ಸ್ವಾತಂತ್ರ್ಯವನ್ನೂ ನಡೆಸಿಕೊಟ್ಟವನು ಅವನೇ ಅಲ್ಲವೇ, ಬೆಳಗಿನ ಮೊದಲ ಬಸ್ಸು ಹಿಡಿದು?

ಕಳೆದ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅಮ್ಮ ಅಪ್ಪನಿಗೆ ಎಡೆ ಇಟ್ಟಿದ್ದಳು. ಮುದ್ದೆ, ಹುರುಳಿಕಾಳಿನ ಸಾರು, ವಡೆ, ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ ಮತ್ತು ಬೆಂಕಿಪೊಟ್ಟಣ. ನಾನು ಕೈ ಮುಗಿಯುವುದಿಲ್ಲ ಎಂಬುದು ಅವಳಿಗೆ ಗೊತ್ತು, ಎಡೆಗೆ ಬೇಕಾದ ಎಲೆಯನ್ನು ಕೊಯ್ದು ತರುವುದು ಪ್ರತಿ ವರ್ಷ ನನ್ನ ಕೆಲಸ ಎಂಬುದೂ ಗೊತ್ತು. ಊಟವಾದ ಮೇಲೆ ತಮ್ಮನ ಮುಂದೆ ವಿಷಯ ತೆಗೆದೆ. ಅವನು ಸಿಟ್ಟಾದ. "ಅಪ್ಪನ ಪಕ್ಕದಲ್ಲಿ ನಿನಗೂ ಜಾಗ ಐತಲ್ಲಕ್ಕಾ. ಹುಡುಗರ ಕೈಗೆ ಕೊಟ್ಟು ಕೊಯ್ಸೋಕೆ ನನಗೆ ಮನಸ್ಸು ಹೆಂಗೆ ಬರ್ತದೆ?" ಎಂದು ಎದ್ದು ಹುಳುಮನೆಗೆ ಹೋದ. ಅವನ ಮಾತಿನಲ್ಲಿ ಧರ್ಮಕ್ಕಿಂತ ಹೆಚ್ಚಾಗಿ ನನ್ನ ಮೇಲಿನ ಪ್ರೀತಿ ಇತ್ತು, ಅದರ ಮುಂದೆ ವೈದ್ಯಕೀಯ ಶಿಕ್ಷಣಕ್ಕೆ ದೇಹಗಳ ಕೊರತೆ ಎಂಬ ವಿವರಣೆ ತೀರ ಸಪ್ಪೆಯಾಗಿ ಕೇಳಿಸಿತು. ನಾನು ಅವನ ಹಿಂದೆಯೇ ಹೋದೆ. ಹುಳು ಎರಡನೆಯ ಜ್ವರದಿಂದ ಎದ್ದಿತ್ತು. ಇಬ್ಬರೂ ಮಾತಿಲ್ಲದೆ ಸೊಪ್ಪು ಹಾಕಿದೆವು. ಅರ್ಧ ತಟ್ಟೆಗಳು ಮುಗಿದಿರಬೇಕು, ಅಪ್ಪ ಆವತ್ತು ಆಸ್ಪತ್ರೆಯಲ್ಲಿ ಕೇಳಿದ ಎರಡನೆಯ ಪ್ರಶ್ನೆಯನ್ನು ಅವನಿಗೆ ಹೇಳಿದೆ. ಅವನು ಅಂದು ಊರಿನಲ್ಲಿದ್ದ, ಹುಳು ನೋಡಿಕೊಳ್ಳಲು. ಅವನಿಗೆ ಅದು ಗೊತ್ತೇ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು ಜೇಬಿನಿಂದ ಫೋನು ತೆಗೆದು, ಕಾಲೇಜಿನ ನಂಬರು ಹೇಳು ಎಂದ. ಹೇಳಿದೆ, ಬರೆದುಕೊಂಡ. "ನೀನು ಹೇಳಿದಂಗೇ ಮಾಡ್ತೀನಕ್ಕಾ. ಆದ್ರೆ ಹನ್ನೊಂದನೇ ದಿನ ಊರಿಗೆಲ್ಲ ಊಟ ಹಾಕ್ತೀನಿ, ಅಪ್ಪನ ಪಕ್ಕದಲ್ಲಿ ಒಂದು ಕಲ್ಲೂ ನೆಡ್ತೀನಿ. ಅದು ನನ್ನಿಷ್ಟ, ಅದಕ್ಕೆ ನೀನು ಬೇಡ ಅನ್ನಂಗಿಲ್ಲ."

ಅನ್ನುವುದಿಲ್ಲ ಎಂದೆ. ಉಳಿದ ತಟ್ಟೆಗಳಿಗೆ ಸೊಪ್ಪು ಹಾಕಿ ಮುಗಿಸಿದೆವು.